ಸುಂಕದ ಮನೆಯ ಎಂಟನೆಯ ಗೋಡೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂದು ಹಿರಿಯರು ಹೇಳಿಟ್ಟಿದ್ದಾರೆ. ಆದರೆ ಸುಂಕದವನು ಹೋಗಿ ನೂರು ವರ್ಷ ಕಳೆದು, ಅವನು ಕೂರುತ್ತಿದ್ದ ಮನೆಯೊಂದೇ ಉಳಿದಿದ್ದರೆ ಅದರ ಮುಂದೆ ಹೇಳಿಕೊಳ್ಳಬಹುದೇ ಎಂಬ ಬಗ್ಗೆ ಹಿರಿಯರು ಬಾಯಿ ಬಿಟ್ಟಿಲ್ಲ. ಗುಂಡಣ್ಣ ಹೇಳಿಕೊಳ್ಳುತ್ತಿದ್ದ. ಅವನಿಗೂ ಬೇರೆ ಯಾರೂ ಇರಲಿಲ್ಲ, ಆ ಮನೆಗೂ ಬೇರೆ ಯಾರೂ ಇರಲಿಲ್ಲ. ಹೊಂದಾಣಿಕೆಗೆ ಇನ್ನೇನು ಬೇಕು?

ಮನೆ ಎಂದರೆ ದೊಡ್ಡದಲ್ಲ. ಎರಡು ರಸ್ತೆ ಕೂಡುವ ಕಡೆ ನಿಂತಿದ್ದ ಎಂಟು ಮೂಲೆಯ, ಒಂದೇ ಕೋಣೆಯ ಕಟ್ಟಡ. ಗಾಡಿ, ಕುದುರೆ, ಕುರಿಮಂದೆ ಯಾವ ದಿಕ್ಕಿನಿಂದ ನುಸುಳಿದರೂ ಒಳಗೆ ಕೂತವನ ಕಣ್ಣಿಗೆ ಬೀಳಲೆಂದು ಎಂಟು ಗೋಡೆ ಇಟ್ಟು, ರಸ್ತೆಯ ಕಡೆಗೆ ಮೂರು ಕಿಟಕಿ ಇಟ್ಟು ಕಟ್ಟಿದ್ದರು. ಸುಂಕ ರದ್ದಾದ ಮೇಲೆ ರಸ್ತೆ ಇಲಾಖೆಯವರು ಅದರಲ್ಲಿ ಗುದ್ದಲಿ ಮತ್ತು ಡಾಂಬರಿನ ಪೀಪಾಯಿ ಇಟ್ಟರು. ಆಮೇಲೆ ಬೀಗ ಇಟ್ಟರು. ಆಮೇಲೆ ಬೀಗದ ಕೈ ಎಲ್ಲಿಟ್ಟೆವೆಂದು ಮರೆತರು. ಸರ್ಕಾರಿ ಕಟ್ಟಡದ ಆಯುಷ್ಯದಲ್ಲಿ ಬಾಲ್ಯ, ಯೌವನ, ಮುಪ್ಪು ಎಂದರೆ ಇವೇ ಮೂರು.

ಗುಂಡಣ್ಣ ಗಾರೆ ಕೆಲಸದವನು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಹಿತ್ತಾಳೆಯ ತೂಗುಗುಂಡು ಯಾವಾಗಲೂ ಜೇಬಿನಲ್ಲಿರುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಆಳನ್ನು ನೋಡಿ ಇಟ್ಟ ಹೆಸರಲ್ಲ. ಆಳನ್ನು ನೋಡಿ ಇಡುವುದಾಗಿದ್ದರೆ ದಾರಣ್ಣ ಎಂದಿಡಬೇಕಾಗಿತ್ತು. ನೆಟ್ಟಗಿರುವುದೇ ಅವನ ರೋಗ. ಹರೆಯದಲ್ಲಿ ಮದುವೆಯ ಮಾತಿಗೆಂದು ಒಂದು ಮನೆಗೆ ಹೋದವನು ಹುಡುಗಿಯನ್ನು ನೋಡುವ ಮೊದಲು ಅವಳ ಹಿಂದಿದ್ದ ಗೋಡೆಯನ್ನು ನೋಡಿ, “ಇದು ಒಂದೂವರೆ ಅಂಗುಲ ವಾಲಿದೆ” ಎಂದಿದ್ದ. ಹುಡುಗಿಯ ತಂದೆ, “ನಿಮ್ಮ ತಲೆ ಎಷ್ಟು ವಾಲಿದೆ ಅಂತ ಮನೆಗೆ ಹೋಗಿ ಅಳೆದ್ಕೊಳ್ಳಿ” ಎಂದು ಬೀಳ್ಕೊಟ್ಟಿದ್ದ. ಎರಡನೆಯ ಮನೆಯಲ್ಲಿ ಗುಂಡಣ್ಣ ಬಾಯಿ ಬಿಗಿಹಿಡಿದು ಕೂತ. ಆದರೆ ಕಣ್ಣು ಗೋಡೆ ಬಿಟ್ಟು ಬರಲಿಲ್ಲ. ಮೂರನೆಯ ಮನೆಗೆ ಯಾರೂ ಕರೆಯಲಿಲ್ಲ. ಹಾಗೆ ಅರವತ್ತನಾಲ್ಕಾಯಿತು.

ಅವನಿಗೆ ಒಬ್ಬ ಅಣ್ಣನಿದ್ದ. ಇದ್ದ ಎನ್ನುವುದಕ್ಕಿಂತ ಗೋಡೆಯ ಆ ಕಡೆ ಇದ್ದ ಎನ್ನುವುದು ಸರಿ.

ಅಪ್ಪ ಸುಣ್ಣದ ಗಾರೆಯ ಹಳೆಯ ಕೈ. ಅಣ್ಣ ಅಪ್ಪನ ದಾರಿ ಹಿಡಿದ. ಗುಂಡಣ್ಣ ಹೊಸ ಗಾಳಿಗೆ ಮೈಯೊಡ್ಡಿ ಸಿಮೆಂಟು ಹಿಡಿದ. ಮೂವತ್ತೈದು ವರ್ಷದ ಹಿಂದೆ ರಸ್ತೆ ಇಲಾಖೆಯವರು ಸುಂಕದ ಮನೆಯ ಉದುರುತ್ತಿದ್ದ ಗೋಡೆಗಳಿಗೆ ಹೊಸ ಗಾರೆ ಮಾಡಿಸಬೇಕೆಂದಾಗ ಅಣ್ಣ ನಾಲ್ಕು ತಿಂಗಳು ಕೇಳಿದ, ತಮ್ಮ ಎಂಟು ದಿನ ಕೇಳಿದ. ಕೆಲಸ ತಮ್ಮನಿಗೆ ಸಿಕ್ಕಿತು. ಅವನು ಸ್ವಂತವಾಗಿ ಹಿಡಿದ ಮೊದಲ ಕೆಲಸ. ದಿನಕ್ಕೊಂದು ಗೋಡೆಯಂತೆ ಎಂಟು ದಿನಕ್ಕೆ ಎಂಟು ಗೋಡೆಗೂ ಒಳಗೆ ಹೊರಗೆ ಸಿಮೆಂಟು ಮೆತ್ತಿದ. ಕನ್ನಡಿಯಂತೆ ಉಜ್ಜಿದ. ರಸ್ತೆ ಕೂಡುವ ಜಾಗಕ್ಕೆ ಮುಖ ಮಾಡಿದ ಎಂಟನೆಯ ಗೋಡೆಯ ಮೇಲೆ, ಗಾರೆ ಹಸಿಯಿರುವಾಗಲೇ, ಕರಣೆಯ ತುದಿಯಿಂದ ಒಂದು ತೂಗುಗುಂಡಿನ ಚಿತ್ರ ಬರೆದು ಕೆಳಗೆ ಇಸವಿ ಗೀಚಿದ. ಅಂಗೈಯಷ್ಟು ಗುರುತು. ರಸ್ತೆಯಲ್ಲಿ ನಿಂತು ನೋಡುತ್ತಿದ್ದ ಅಣ್ಣ ಆಗ ಅಂದ ಮಾತು ಅವನ ತಲೆಯಲ್ಲಿ ಹಸಿ ಗೋಡೆಗೆ ನೆಟ್ಟ ಹರಳಿನಂತೆ ಕೂತುಬಿಟ್ಟಿತು.

“ಗೋಡೆ ಬಾಯಿಗೆ ಬಟ್ಟೆ ತುರುಕಿದೀಯ ಕಣೋ. ಅದೂ ಉಸಿರಾಡ್ಬೇಕು. ಒಂದಿನ ಉಗುಳುತ್ತೆ ನೋಡ್ತಿರು.”

“ನಿನ್ನ ಹೊಟ್ಟೆ ಉರೀನಲ್ಲೇ ಸುಣ್ಣ ಸುಡಬಹುದು ಬಿಡು” ಎಂದು ತಮ್ಮ ಉತ್ತರ ಕೊಟ್ಟ. ಚೆನ್ನಾಗಿಯೇ ಇತ್ತು ಉತ್ತರ. ಚೆನ್ನಾಗಿರುವ ಉತ್ತರಗಳಿಂದಲೇ ಮನೆ ಮುರಿಯುವುದು.

ಮೂರು ತಿಂಗಳಲ್ಲಿ ಮನೆ ಎರಡು ಪಾಲಾಯಿತು. ಅಪ್ಪನ ಹತಾರಗಳಲ್ಲಿ ತಮ್ಮನಿಗೆ ತೂಗುಗುಂಡು ಬಂತು, ಹಿತ್ತಲಿನ ಭಾಗ ಮಾಡಿದಾಗ ಅಣ್ಣನಿಗೆ ಸುಣ್ಣದ ಗುಂಡಿ ಹೋಯಿತು. ನಡುವಿನ ಗೋಡೆ ಕಟ್ಟಲು ಹೊರಗಿನ ಆಳನ್ನು ಕರೆಯುವುದು ಇಬ್ಬರಿಗೂ ಅವಮಾನ. ಊರಿನಲ್ಲಿ ತಮಗಿಂತ ಚೆನ್ನಾಗಿ ಗೋಡೆ ಕಟ್ಟುವವರು ಯಾರಿದ್ದಾರೆ? ಅಣ್ಣ ಆ ಕಡೆ, ತಮ್ಮ ಈ ಕಡೆ, ನಡುವೆ ಒಂದೇ ದಾರ. ಬೆಳಗಿನಿಂದ ಸಂಜೆಯವರೆಗೆ ಅವರ ನಡುವೆ ನಡೆದ ಮಾತು ಎರಡೇ: “ಇಟ್ಟಿಗೆ”, “ದಾರ ಎಳಿ.” ಮೊಣಕಾಲಿಗೆ ಬಂದ ಗೋಡೆ ಎದೆಗೆ ಬಂತು, ಎದೆಗೆ ಬಂದದ್ದು ಕಣ್ಣಿಗೆ ಬಂತು, ಆಮೇಲೆ ಅಣ್ಣ ಕಾಣಲಿಲ್ಲ. ಗೋಡೆಗೂ ಕಿವಿ ಇದೆ ಎನ್ನುತ್ತಾರೆ. ಆ ಗೋಡೆಗೆ ಕಿವಿ ಮಾತ್ರ ಇತ್ತು. ಮುಂದಿನ ಮೂವತ್ತನಾಲ್ಕು ವರ್ಷ ಅದರ ಮೂಲಕ ಮಾತು ಹಾಯಲಿಲ್ಲ.

ಸದ್ದು ಹಾಯುತ್ತಿತ್ತು. ಅಣ್ಣನ ಕೆಮ್ಮು, ಅತ್ತಿಗೆಯ ಪಾತ್ರೆ, ಅವರ ಮಗಳ ಓದು, ಆ ಮಗಳು ಮದುವೆಯಾಗಿ ದೂರದ ಊರಿಗೆ ಹೋದ ಮೇಲಿನ ನಿಶ್ಶಬ್ದ. ಎಲ್ಲಕ್ಕಿಂತ ಮೊದಲು, ಬೆಳಿಗ್ಗೆ ಆರು ಗಂಟೆಗೆ, ಅಣ್ಣನ ಹಿತ್ತಲಲ್ಲಿ ಒಂದು ಕೊಡ ನೀರು ‘ದೊಳ್’ ಎಂದು ಬೀಳುವ ಸದ್ದು. ಯಾವುದೋ ಗಿಡ ಹಾಕಿಕೊಂಡಿದ್ದಾನೆ ಎಂದು ಗುಂಡಣ್ಣ ತೀರ್ಮಾನಿಸಿದ್ದ. ಗಡಿಯಾರ ಕೊಳ್ಳುವ ಗೋಜಿಗೆ ಅವನು ಹೋಗಲೇ ಇಲ್ಲ. ಒಲೆಯ ಮೇಲೆ ಚಹಾ ಇಟ್ಟು ಕೂರುವುದು, ನೀರು ಬಿದ್ದ ಸದ್ದಿಗೆ ಎದ್ದು ಇಳಿಸುವುದು. ಅಷ್ಟು ವರ್ಷ ಅಷ್ಟು ನೀರು ಕುಡಿದ ಗಿಡ ಗೋಡೆಯ ಮೇಲಿಂದ ಒಂದೆಲೆಯನ್ನೂ ತೋರಿಸಲಿಲ್ಲವಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಗಿಡವೂ ಅಣ್ಣನ ಪಕ್ಷ ವಹಿಸಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದ.

ಹೋದ ವರ್ಷ ಅಣ್ಣ ತೀರಿಕೊಂಡ. ಗುಂಡಣ್ಣ ಹೋದ, ಎಲ್ಲರ ಹಿಂದೆ ನಿಂತ, ಎಲ್ಲರಿಗಿಂತ ಮೊದಲು ಬಂದುಬಿಟ್ಟ. ಮಾರನೆಯ ಬೆಳಿಗ್ಗೆ ಚಹಾ ಇಟ್ಟು, ಇನ್ನು ಮೇಲೆ ಗಡಿಯಾರ ಕೊಳ್ಳಲೇಬೇಕು ಎಂದುಕೊಳ್ಳುತ್ತಿರುವಾಗ ನೀರು ಬಿತ್ತು. ಅತ್ತಿಗೆ ಹಾಕಿದ್ದಳು. ಗುಂಡಣ್ಣ ಚಹಾ ಇಳಿಸಿದ, ಆದರೆ ಅವತ್ತು ಕುಡಿಯಲಿಲ್ಲ.

ಈ ಹೊತ್ತಿಗೆ ಸುಂಕದ ಮನೆ ಉಗುಳಲು ಶುರುಮಾಡಿತ್ತು. ನೆಲದ ತೇವ ಗೋಡೆ ಹತ್ತಿ, ಹೊರಗೆ ಬರಲು ದಾರಿಯಿಲ್ಲದೆ ಸಿಮೆಂಟಿನ ಹಿಂದೆ ಸೇರಿಕೊಂಡು, ಒಳಗಿನ ಕಲ್ಲುಗಳ ಸಂದಿಯನ್ನು ಹಿಟ್ಟು ಮಾಡಿತ್ತು. ಗಾರೆ ಹೊಟ್ಟೆ ಉಬ್ಬಿಸಿಕೊಂಡು ಬಿರುಕು ಬಿಟ್ಟಿತ್ತು. ಬಿರುಕಿನ ಅಂಚಿನಲ್ಲಿ ಉಪ್ಪು ಹೂ ಬಿಟ್ಟಿತ್ತು. ಗುಂಡಣ್ಣ ದಿನಾ ಸಂಜೆ ಆ ಕಡೆ ನಡೆದುಹೋಗಿ ನೋಡುತ್ತಿದ್ದ. ಎದುರಿಗೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ಪಂಕ್ಚರಿನವನು ಒಂದು ದಿನ ಕೂಗಿದ:

“ಏನ್ ಗುಂಡಣ್ಣ, ದಿನಾ ಬಂದು ಗೋಡೆ ನೋಡ್ತೀರಲ್ಲ, ಇಲ್ಲಾದ್ರೂ ಹೆಣ್ಣು ಕೊಡ್ತಾರಾ?”

“ಕೊಡೋ ಹಾಗಿದ್ರೆ ನಿಂಗೆ ಹೇಳ್ದೆ ಇರ್ತೀನಾ?”

“ಬೇಗ ನೋಡ್ಕೊಳ್ಳಿ. ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದಾರೆ. ರಸ್ತೆ ಅಗಲ ಮಾಡ್ತಾರಂತೆ. ಈ ಮುದುಕನ್ನ ಕೆಡವ್ತಾರೆ.”

ಚೀಟಿಯಲ್ಲಿ ಹಾಗೆಯೇ ಇತ್ತು. ಕಟ್ಟಡ ಶಿಥಿಲ, ತೆರವು. ಗುಂಡಣ್ಣ ಎರಡು ಸಲ ಓದಿದ. ಅವನು ಬದುಕಿನಲ್ಲಿ ಸಾವಿರ ಗೋಡೆಗೆ ಗಾರೆ ಮಾಡಿದ್ದ. ಅವುಗಳ ಮೇಲೆ ಬಣ್ಣ ಬಂದು, ಬಣ್ಣದ ಮೇಲೆ ಬಣ್ಣ ಬಂದು, ಯಾವುದು ತನ್ನದೆಂದು ಹೇಳುವ ಹಾಗಿರಲಿಲ್ಲ. ಅವನ ಗುರುತು ಹೊತ್ತು ನಿಂತದ್ದು ಇದೊಂದೇ. ಇದನ್ನು ಶಿಥಿಲ ಮಾಡಿದ್ದೂ ಅವನೊಬ್ಬನೇ. ಮೊದಲನೆಯದು ಊರಿಗೆಲ್ಲ ಗೊತ್ತಿತ್ತು. ಎರಡನೆಯದನ್ನು ಬಲ್ಲವನು ಸತ್ತುಹೋಗಿದ್ದ.

ವಾರದಲ್ಲಿ ಹಳೆಯ ಕಟ್ಟಡಗಳ ಇಲಾಖೆಯಿಂದ ಒಬ್ಬರು ಮೇಡಂ ಬಂದರು. ಕನ್ನಡಕ, ಕಡತ, ಎರಡು ಉದ್ದ ಸೂಜಿಗಳಿದ್ದ ಒಂದು ಪುಟ್ಟ ಯಂತ್ರ. ಸೂಜಿಯನ್ನು ಗೋಡೆಯೊಳಗೆ ಚುಚ್ಚಿದರೆ ತೇವ ಎಷ್ಟೆಂದು ಅಂಕಿ ತೋರಿಸುತ್ತದೆ. ನಲವತ್ತೊಂದು ತೋರಿಸಿತು.

“ಈ ಸಿಮೆಂಟ್ ಮೆತ್ತಿದ ಪುಣ್ಯಾತ್ಮ ಯಾರೋ!” ಎಂದರು ಮೇಡಂ.

ಹಿಂದೆ ನಿಂತಿದ್ದ ಗುಂಡಣ್ಣ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, “ಆಗ ಎಲ್ರೂ ಹಾಗೇ ಮಾಡ್ತಿದ್ರು ಮೇಡಂ” ಎಂದ.

“ನೀವ್ಯಾರು?”

“ಸುಣ್ಣದ ಗಾರೆಯವನ ಮಗ.” ಇದು ಸುಳ್ಳಲ್ಲ. ನಿಜದ ಒಂದು ಗೋಡೆ ಮಾತ್ರ, ಉಳಿದ ಏಳು ಹಿಂದಿದ್ದವು.

ಮೇಡಮ್ಮಿಗೆ ಬೇಕಾಗಿದ್ದುದೂ ಅಂಥವನೇ. ಸುಣ್ಣದ ಕೆಲಸ ಬಲ್ಲವರನ್ನು ಹುಡುಕಿ ಹುಡುಕಿ ಅವರೇ ಸುಣ್ಣವಾಗಿದ್ದರು. ಅವರು ರಸ್ತೆ ಇಂಜಿನಿಯರರೊಂದಿಗೆ ಜಗ್ಗಾಡಿ ನಾಲ್ಕು ತಿಂಗಳು ಪಡೆದಿದ್ದರು. ಮಳೆಗೆ ಮೊದಲು ಗೋಡೆಯ ಒಳಗಿನ ತೇವ ಎಂಟೂ ಕಡೆ ಇಪ್ಪತ್ತಕ್ಕಿಂತ ಕೆಳಗಿಳಿದಿರಬೇಕು, ಮೈತುಂಬ ಸುಣ್ಣದ ಗಾರೆ ಇರಬೇಕು. ಹಾಗಿದ್ದರೆ ರಸ್ತೆ ಎರಡು ಗಜ ಆಚೆ ಬಾಗುತ್ತದೆ. ಇಲ್ಲದಿದ್ದರೆ ಅದೇ ದಿನ ಕೆಡವುವ ಯಂತ್ರ ಬರುತ್ತದೆ.

“ರಸ್ತೆ ಬಾಗೋದು ನನ್ನ ಕಡೆಗೇ ತಾನೆ?” ಎಂದ ಪಂಕ್ಚರಿನವನು. “ಪರವಾಗಿಲ್ಲ, ನನ್ನ ಶೆಡ್ಡಿಗೆ ಬೇಕಾದ್ರೆ ಚಕ್ರ ಹಾಕ್ತೀನಿ, ಕೈಲೇ ಇದೆ. ಆದ್ರೆ ಗುಂಡಣ್ಣ, ಗಾಳಿ ತುಂಬೋ ಕೆಲಸ ನಂದು. ಗೋಡೆಗೆ ಗಾಳಿ ತುಂಬ್ತೀನಿ ಅಂತ ಹೊರಟಿರೋ ಮೊದಲನೇ ಆಸಾಮಿ ನೀವೇ.”

ಮೇಡಂ ಬಾಗಿಲಿನ ಬೀಗ ಒಡೆಸಿದರು, ಗುಂಡಣ್ಣ ಉಳಿ, ಸುತ್ತಿಗೆ ಹಿಡಿದ. ಎಂಟು ದಿನದಲ್ಲಿ ಮೆತ್ತಿದ್ದನ್ನು ಕೆರೆಯಲು ಐದು ವಾರ ಹಿಡಿಯಿತು. ತಪ್ಪನ್ನು ಅಷ್ಟು ಗಟ್ಟಿಯಾಗಿ ಮಾಡಿದ್ದನಲ್ಲ ಎಂದು ಅವನಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು. ತುಸು ಜೋರಾಗಿ ಹೊಡೆದರೆ ಹಿಂದಿನ ಕಲ್ಲು ಬಿರಿಯುತ್ತದೆ, ಮೆತ್ತಗೆ ಹೊಡೆದರೆ ಸಿಮೆಂಟು ನಗುತ್ತದೆ. ಚೂರುಚೂರಾಗಿ ತೆಗೆದ. ಸಿಮೆಂಟಿನ ಅಡಿಯಲ್ಲಿ ಹಳೆಯ ಸುಣ್ಣದ ಗಾರೆ ಅಲ್ಲಲ್ಲಿ ಉಳಿದಿತ್ತು. ಅದರ ಮೇಲೆ ಎಂದೋ ಸತ್ತ ಕೆಲಸಗಾರನೊಬ್ಬನ ನಾಲ್ಕು ಬೆರಳಿನ ಗೆರೆ. ಒಳಗೆ, ನಡುವಿನ ಕಿಟಕಿಯ ಪಕ್ಕದಲ್ಲಿ, ಒಂದು ನುಣುಪಾದ ಗುಳಿ ಸಿಕ್ಕಿತು. ಮೊದಲು ಏನೆಂದು ತಿಳಿಯಲಿಲ್ಲ. ಪಕ್ಕದ ಕಲ್ಲಿನ ಪೀಠದ ಮೇಲೆ ಕೂತು ಕಿಟಕಿಯ ಕಡೆ ತಿರುಗಿದಾಗ ಮೊಣಕೈ ತಾನಾಗಿ ಹೋಗಿ ಅದರಲ್ಲಿ ಕೂತಿತು. ಒಬ್ಬನೋ ಇಬ್ಬರೋ ಸುಂಕದವರು ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಒರಗಿ, ರಸ್ತೆ ನೋಡುತ್ತ ನೋಡುತ್ತ ತೇಯ್ದ ಗುಳಿ ಅದು. ಮೂವತ್ತೈದು ವರ್ಷದ ಹಿಂದೆ ಅದನ್ನು ದೋಷವೆಂದು ತಿಳಿದು ಎರಡು ಕರಣೆ ಸಿಮೆಂಟು ಹಾಕಿ ಸಮ ಮಾಡಿದ್ದವನು ಅವನೇ.

ಅಲ್ಲಿಂದ ಗುಂಡಣ್ಣನ ಸುಖದುಃಖ ಶುರುವಾಯಿತು. ಗೋಡೆ ಒಣಗುವವರೆಗೆ ಬೇರೆ ಕೆಲಸವಿಲ್ಲ. ಬಾಗಿಲು ಕಿಟಕಿ ತೆರೆದಿಟ್ಟು ಗುಳಿಯಲ್ಲಿ ಮೊಣಕೈ ಊರಿ ಕೂರುತ್ತಿದ್ದ. ಲಾರಿಗಳು, ಬಸ್ಸುಗಳು, ಕಾರುಗಳು ಹೋಗುತ್ತಿದ್ದವು. ಯಾವುದೂ ನಿಲ್ಲುತ್ತಿರಲಿಲ್ಲ. “ಅವನು ಹೇಳಿದ್ದು ಸರಿ ಇತ್ತು” ಎಂದು ಒಂದು ಮಧ್ಯಾಹ್ನ ಅವನು ಗಟ್ಟಿಯಾಗಿಯೇ ಅಂದ. ಗೋಡೆ ಏನೂ ಅನ್ನಲಿಲ್ಲ. ತುಸು ಹೊತ್ತು ಬಿಟ್ಟು, “ಆದ್ರೆ ಹೇಳಿದ ರೀತಿ ಸರಿ ಇರ್ಲಿಲ್ಲ” ಎಂದ. ಅದಕ್ಕೂ ಗೋಡೆ ಏನೂ ಅನ್ನಲಿಲ್ಲ. ಇಷ್ಟು ಸಭ್ಯವಾಗಿ ಅವನ ಮಾತು ಕೇಳಿದವರು ಇನ್ನೊಬ್ಬರಿಲ್ಲ.

ಎರಡೂವರೆ ತಿಂಗಳಿಗೆ ಮೇಡಂ ಬಂದು ಸೂಜಿ ಚುಚ್ಚಿದರು. ಮೊದಲನೆಯ ಗೋಡೆ ಹತ್ತೊಂಬತ್ತು, ಎರಡನೆಯದು ಹದಿನೆಂಟು, ಮೂರನೆಯದು ಹತ್ತೊಂಬತ್ತು. ಏಳರವರೆಗೂ ಹಾಗೆಯೇ ಬಂತು. ಎಂಟನೆಯದಕ್ಕೆ ಬಂದರು. ಅಲ್ಲಿ ಒಳಗಿನ ಸಿಮೆಂಟು ಹೋಗಿತ್ತು. ಹೊರಗಿನದು, ತೂಗುಗುಂಡಿನ ಚಿತ್ರದ ಸುತ್ತ ಬಾಗಿಲಿನಷ್ಟು ಅಗಲಕ್ಕೆ, ಹಾಗೆಯೇ ಇತ್ತು.

ಅಂಕಿ ಮೂವತ್ತನಾಲ್ಕು.

“ಇದನ್ನ ಯಾಕೆ ಬಿಟ್ರಿ?”

“ಅದು ಗಟ್ಟಿ ಇದೆ ಮೇಡಂ. ಚಿತ್ರ ಬೇರೆ ಇದೆ. ಹಳೇದಲ್ವಾ, ಇರ್ಲಿ ಅಂತ.”

“ಹಳೇದು ಅಂದ್ರೆ ಕಟ್ಟಡ. ಇದು ಅದಕ್ಕೆ ಹತ್ತಿದ ರೋಗ.”

“ಎಂಟರಲ್ಲಿ ಏಳು ಪಾಸಾಗಿದೆಯಲ್ಲ, ಸಾಲ್ದಾ?”

“ಗುಂಡಣ್ಣ, ಇದು ಪರೀಕ್ಷೆ ಅಲ್ಲ, ಚಾವಣಿ. ಎಂಟರ ಮೇಲೆ ಕೂತಿದೆ.” ಅವರು ಸೂಜಿ ಒರೆಸಿ ಪೆಟ್ಟಿಗೆಯಲ್ಲಿಟ್ಟರು. “ಒಂದೂವರೆ ತಿಂಗಳಿಗೆ ಇಂಜಿನಿಯರನ್ನ ಕರ್ಕೊಂಡು ಬರ್ತೀನಿ. ಅವರಿಗೆ ಒಂದು ಗೋಡೆ ಸಾಕು, ಇಲ್ಲ ಅನ್ನೋಕೆ. ಮತ್ತೆ, ಏಳಕ್ಕೆ ಗಾರೆ ಶುರು ಮಾಡಿ. ಸುಣ್ಣ ಇದೆ ತಾನೆ?”

ಸುಣ್ಣ ಇರಲಿಲ್ಲ. ಅಂಗಡಿಯಲ್ಲಿ ಚೀಲದ ಪುಡಿ ಸುಣ್ಣ ಸಿಗುತ್ತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಮಾತಿನಲ್ಲಿ ಅದನ್ನೂ ಸೇರಿಸಬೇಕು. ಇಂಥ ಗೋಡೆಗೆ ಸುಟ್ಟ ಸುಣ್ಣದ ಕಲ್ಲನ್ನು ನೀರಲ್ಲಿ ಅರಳಿಸಿ ತಿಂಗಳುಗಟ್ಟಲೆ ಗುಂಡಿಯಲ್ಲಿ ನೆನೆಸಿರಬೇಕು. ಹಸಿ ಸುಣ್ಣ ಹಾಕಿದರೆ ಅರಳದೆ ಉಳಿದ ಹರಳುಗಳು ಗೋಡೆಯ ಮೇಲೆಯೇ ಅರಳಿ ಗಾರೆಯನ್ನು ಸಿಡಿಸುತ್ತವೆ. ಗುಂಡಣ್ಣ ತಿಂಗಳುಗಳ ಲೆಕ್ಕ ಹಾಕಿದ. ಲೆಕ್ಕ ಕೂಡಲಿಲ್ಲ. ಅಣ್ಣ ಸುಣ್ಣವನ್ನು ಎಲ್ಲಿಂದ ತರಿಸುತ್ತಿದ್ದನೆಂದಾದರೂ ತಿಳಿದರೆ, ಅಲ್ಲಿ ಯಾರ ಬಳಿಯಾದರೂ ನೆನೆಸಿಟ್ಟದ್ದು ಇದ್ದರೆ ಎಂದು ಒಂದು ಆಸೆ. ಅದನ್ನು ಬಲ್ಲವರು ಒಬ್ಬರೇ ಇದ್ದರು.

ತನ್ನ ಬಾಗಿಲಿಂದ ಹೊರಟು ಪಕ್ಕದ ಬಾಗಿಲಿಗೆ ಹೋಗಲು ಹದಿನೆಂಟು ಹೆಜ್ಜೆ. ಅದನ್ನು ನಡೆಯಲು ಅವನಿಗೆ ಎರಡು ದಿನ ಹಿಡಿಯಿತು.

“ಯಾರು?” ಎಂದಿತು ಒಳಗಿನ ದನಿ.

“ನಾನು.”

“ನಾನು ಅಂದ್ರೆ? ಈ ಬೀದೀಲಿ ಎಲ್ರೂ ನಾನುಗಳೇ.”

“ನಿಮ್ಮ ಮೈದುನ.”

ಬಾಗಿಲು ತೆರೆಯಿತು. ಅತ್ತಿಗೆಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಿಂದೆ ಎರಡು ಪೆಟ್ಟಿಗೆಗಳು ಅರ್ಧ ತುಂಬಿ ಬಾಯಿ ತೆರೆದುಕೊಂಡಿದ್ದವು. “ಮೈದುನನಾ? ಒಬ್ಬ ಇದ್ದ. ಗೋಡೆ ಕಟ್ಕೊಂಡು ಆ ಕಡೆ ಹೋದ. ಏನಾಗ್ಬೇಕಿತ್ತು ನಿಮಗೆ?”

ಅತ್ತಿಗೆಯಾಗಿ ಬಂದ ದಿನದಿಂದ ಅವನನ್ನು ‘ನೀನು’ ಎಂದು ಕರೆದವಳು. ಈಗಿನ ‘ನಿಮಗೆ’ ಗೋಡೆಗಿಂತ ದಪ್ಪವಾಗಿತ್ತು. ಗುಂಡಣ್ಣ ನೆಲ ನೋಡುತ್ತ ಹೇಳಿದ. ಸುಂಕದ ಮನೆ ಕೆಡವುತ್ತಾರೆ, ಸುಣ್ಣ ಬೇಕು, ಅಣ್ಣ ಎಲ್ಲಿಂದ ತರಿಸುತ್ತಿದ್ದ?

ಅತ್ತಿಗೆ “ಬನ್ನಿ” ಎಂದು ಹಿತ್ತಲಿಗೆ ನಡೆದಳು.

ಹಿತ್ತಲಲ್ಲಿ ಗುಂಡಣ್ಣನ ಕಣ್ಣು ಮೊದಲು ಹುಡುಕಿದ್ದು ಬೇರೆಯದನ್ನು. “ಗಿಡ ಎಲ್ಲಿ?”

“ಯಾವ ಗಿಡ?”

“ದಿನಾ ನೀರು ಹಾಕ್ತೀರಲ್ಲ. ಬೆಳಿಗ್ಗೆ ಆರಕ್ಕೆ.”

ಅತ್ತಿಗೆ ಮೂಲೆಯಲ್ಲಿದ್ದ ಹಲಗೆಯ ಮೇಲಿನ ಕಲ್ಲನ್ನು ಕಾಲಿನಿಂದ ಸರಿಸಿ ಹಲಗೆ ಎತ್ತಿದಳು. ಗೇಣಾಳದ ತಿಳಿನೀರು. ನೀರಿನ ಅಡಿಯಲ್ಲಿ ಗುಂಡಿ ತುಂಬ ಸುಣ್ಣ. ಗುಂಡಣ್ಣ ಬಗ್ಗಿ, ಪಕ್ಕದಲ್ಲೇ ಬಿದ್ದಿದ್ದ ಅಣ್ಣನ ಹಳೆಯ ಕರಣೆಯನ್ನು ಅದರಲ್ಲಿ ಇಳಿಸಿದ. ಬೆಣ್ಣೆಯ ಹಾಗೆ ಕತ್ತರಿಸಿಕೊಂಡು ಬಂತು. ಅಪ್ಪ ಅಣ್ಣನ ಕಣ್ಣಿಗೆ ಬೆಣ್ಣೆ ಹಚ್ಚಿ ತನ್ನ ಕಣ್ಣಿಗೆ ಸುಣ್ಣ ಹಚ್ಚಿದ ಎಂದು ಅವನು ಎಷ್ಟು ಸಲ ಅಂದುಕೊಂಡಿದ್ದ! ಈಗ ನೋಡಿದರೆ ಎರಡೂ ಒಂದೇ ಗುಂಡಿಯಲ್ಲಿದ್ದವು.

“ಮೇಲೆ ನೀರಿಲ್ದಿದ್ರೆ ಕಲ್ಲಾಗುತ್ತಂತೆ” ಎಂದಳು ಅತ್ತಿಗೆ. “ಕೊಳ್ಳೋರಿಲ್ಲ, ಕೇಳೋರಿಲ್ಲ. ದಿನಾ ಒಂದು ಕೊಡ. ಯಾರಿಗೋಸ್ಕರ ಈ ಚಾಕರಿ ಅಂತ ನಾನೂ ಕೇಳ್ದೆ. ‘ಅವನ ಸಿಮೆಂಟು ಒಂದಿನ ಬೀಳುತ್ತೆ ಕಣೇ, ಆವತ್ತು ಸುಣ್ಣ ಇರ್ಬೇಕು’ ಅಂದ್ರು.”

ಗುಂಡಣ್ಣ ಕರಣೆಯ ಮೇಲಿನ ಸುಣ್ಣವನ್ನೇ ನೋಡುತ್ತಿದ್ದ. “ಇನ್ನೇನಾದ್ರೂ ಹೇಳಿದ್ನಾ? ನನ್ನ ಬಗ್ಗೆ?”

“ಹೇಳ್ತಿದ್ರು. ನಾಲ್ಕು ಜನರ ಮುಂದೆ ಆಡೋ ಮಾತಲ್ಲ ಅದು.”

“ಇಲ್ಲಿ ನಾಲ್ಕು ಜನ ಎಲ್ಲಿದಾರೆ?”

“ಇಬ್ಬರ ಮುಂದೂ ಆಡೋದಲ್ಲ” ಎಂದಳು ಅತ್ತಿಗೆ. ತುಟಿಯ ಒಂದು ಕೊನೆ ಅರಿವಿಲ್ಲದೆ ಮೇಲೆ ಹೋಯಿತು. ಅವಳು ಕೂಡಲೇ ಅದನ್ನು ಇಳಿಸಿದಳು. “ಬಕೆಟ್ ಅಲ್ಲಿದೆ. ವಾಪಸ್ ತಂದ್ಕೊಡಿ.”

ಅಷ್ಟು ವರ್ಷ ಕೇಳಿಸುತ್ತಿದ್ದುದು ಏನೆಂದು ಈಗ ತಿಳಿದಿತ್ತು. ದಿನಾ ಬೆಳಿಗ್ಗೆ ಅಣ್ಣ ತಮ್ಮನ ತಪ್ಪನ್ನು ನೆನೆಯುತ್ತಿದ್ದ, ಸುಣ್ಣವನ್ನೂ ನೆನೆಸುತ್ತಿದ್ದ. ಅದರ ಸದ್ದಿಗೆ ತಮ್ಮ ಚಹಾ ಇಳಿಸುತ್ತಿದ್ದ. ಎದ್ದು ಹೋಗಿ ಗೋಡೆ ತಟ್ಟಿ, “ಏನ್ ಗಿಡನೋ ಅದು?” ಎಂದು ಒಂದೇ ಒಂದು ದಿನ ಕೇಳಿದ್ದರೆ ಸಾಕಿತ್ತು. ಕೇಳಲು ಹನ್ನೆರಡು ಸಾವಿರ ಬೆಳಗುಗಳಿದ್ದವು.

ಮರುದಿನ ಅವನು ಎಂಟನೆಯ ಗೋಡೆಯ ಮುಂದೆ ನಿಂತ. ಪಂಕ್ಚರಿನವನು ಟ್ಯೂಬು ಕೈಯಲ್ಲಿ ಹಿಡಿದು ನೋಡುತ್ತಿದ್ದ.

“ಗುಂಡಣ್ಣ, ಆ ಚಿತ್ರ ಒಂದು ಉಳಿಸ್ಕೊಳ್ಳಿ. ಸುತ್ತ ಕೊರೆದು ಬಿಲ್ಲೆ ಥರ ತೆಗೀರಿ. ಮನೇಲಿ ಇಟ್ಕೋಬಹುದು.”

“ಮನೇಲಿ ಯಾರಿಗೆ ತೋರ್ಸ್ಲಿ?”

ಪಂಕ್ಚರಿನವನು ಟ್ಯೂಬನ್ನು ನೀರಿನ ತೊಟ್ಟಿಗೆ ಅದ್ದಿ ಗುಳ್ಳೆ ಹುಡುಕತೊಡಗಿದ.

ಗುಂಡಣ್ಣ ಚಿತ್ರದ ಸುತ್ತಲಿನದನ್ನೆಲ್ಲ ಮೊದಲು ಕೆರೆದ. ಸಂಜೆಯ ಹೊತ್ತಿಗೆ ಅಂಗೈಯಗಲದ ಒಂದು ತುಂಡು ಮಾತ್ರ ಉಳಿಯಿತು, ಬೋಳು ಗೋಡೆಯ ಮೇಲೆ ಅಂಚೆಚೀಟಿಯ ಹಾಗೆ. ಉಳಿಯನ್ನು ಅದರ ಅಂಚಿಗೆ ಇಟ್ಟು ಒಂದೇ ಏಟು ಕೊಟ್ಟ. ಇಷ್ಟು ಸುಲಭವಾಗಿ ಬರುತ್ತದೆಂದು ಅವನು ಎಣಿಸಿರಲಿಲ್ಲ. ಬಿದ್ದು ಮೂರು ಹೋಳಾಯಿತು. ಹಿಂದಿನ ಗೋಡೆ ಅಂಗೈಯಿಟ್ಟರೆ ಅಂಟುವಷ್ಟು ಒದ್ದೆಯಾಗಿತ್ತು. ಅವನು ಅಂಗೈ ತೆಗೆಯಲಿಲ್ಲ.

ಮುಂದಿನ ಒಂದೂವರೆ ತಿಂಗಳು ಏಳು ಗೋಡೆಗೆ ಕೈ ತುಂಬ ಕೆಲಸ, ಎಂಟನೆಯದಕ್ಕೆ ಎದೆ ತುಂಬ ಚಿಂತೆ. ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ ಬೀಳುತ್ತಿದ್ದುದೊಂದೇ ಪುಣ್ಯ. ಅಣ್ಣನ ಸುಣ್ಣಕ್ಕೆ ಮರಳು, ಇಟ್ಟಿಗೆ ಪುಡಿ ಬೆರೆಸಿ ಕಲಸಿದ. ಕರಣೆಗೆ ಅಂಟದೆ, ಗೋಡೆಗೆ ಮಾತ್ರ ಅಂಟುವ ಹದ. ಆ ಹದವನ್ನು ಅಪ್ಪ ಕಲಿಸಿದ್ದ, ಕೈ ಮರೆತಿರಲಿಲ್ಲ. ಕಿಟಕಿಯ ಪಕ್ಕದ ಗುಳಿಯನ್ನು ಮಾತ್ರ ಮುಟ್ಟಲಿಲ್ಲ. ಅದರ ಸುತ್ತ ಗಾರೆಯನ್ನು ಬಳಸಿ ತಂದು, ಒಳಗೆ ತೆಳ್ಳಗೆ ಸುಣ್ಣ ಬಳಿದು ಬಿಟ್ಟ. ಕೊನೆಯ ಹತ್ತು ದಿನವಿರುವಾಗ ಎಂಟನೆಯ ಗೋಡೆಗೂ ಒಂದು ತೆಳು ಪದರ ಕೊಟ್ಟ. ಕರಣೆಯ ತುದಿ ಒಂದು ಕ್ಷಣ ಹಸಿ ಗಾರೆಯ ಮೇಲೆ ನಿಂತಿತು. ಅಭ್ಯಾಸ. ಅವನು ಅದನ್ನು ಒರೆಸಿ ಚೀಲಕ್ಕೆ ಹಾಕಿದ.

ಮೇಡಂ ಬಂದರು, ರಸ್ತೆ ಇಂಜಿನಿಯರು ಬಂದರು. ಹಿಂದೆಯೇ ಕೆಡವುವ ಯಂತ್ರವೂ ಬಂದು ರಸ್ತೆ ಬದಿಯಲ್ಲಿ ನಿಂತು ಗುರುಗುಟ್ಟುತ್ತಿತ್ತು. ಇಂಜಿನಿಯರು ನೇರ ಎಂಟನೆಯ ಗೋಡೆಗೆ ಹೋದರು. “ಇಲ್ಲೇ ಚುಚ್ಚಿ ಮೊದಲು.” ಮೇಡಂ ಸೂಜಿಯನ್ನು ಪೂರ್ತಿ ಒಳಗೆ ಒತ್ತಿದರು. ಅಂಕಿ ಇಪ್ಪತ್ತನಾಲ್ಕಕ್ಕೆ ಹೋಯಿತು, ಇಪ್ಪತ್ತೆರಡಕ್ಕೆ ಬಂತು, ಇಪ್ಪತ್ತೊಂದಕ್ಕೆ ಬಂದು ನಿಂತಿತು. ಗುಂಡಣ್ಣ ಜೇಬಿನಲ್ಲಿ ತೂಗುಗುಂಡನ್ನು ಹಿಡಿದುಕೊಂಡ. ಅಂಕಿ ಮಿಣುಕಿ ಹತ್ತೊಂಬತ್ತಾಯಿತು. ಇಂಜಿನಿಯರು ಯಂತ್ರವನ್ನು ಕೈಗೆ ತೆಗೆದುಕೊಂಡು ಬೇರೆ ಎರಡು ಕಡೆ ತಾವೇ ಚುಚ್ಚಿದರು. ಹತ್ತೊಂಬತ್ತು. ಹತ್ತೊಂಬತ್ತು.

“ಸರಿ, ಬಗ್ಗಿಸ್ತೀವಿ” ಎಂದರು ಅವರು, ರಸ್ತೆ ತಮ್ಮ ಬೆನ್ನೇ ಎಂಬಂತೆ ನಿಟ್ಟುಸಿರಿಟ್ಟು.

ಕೆಡವುವ ಯಂತ್ರ ಹಿಂದೆ ಸರಿದು ಹೋಯಿತು. ಪಂಕ್ಚರಿನವನು ಶಿಳ್ಳೆ ಹಾಕಿದ. ಮೇಡಂ ಕಲ್ಲಿನ ಪೀಠದ ಮೇಲೆ ಕೂತು ಕಡತ ತುಂಬತೊಡಗಿದರು. “ಹಾನಿಗೆ ಕಾರಣ, ಸಿಮೆಂಟ್ ಗಾರೆ. ಮಾಡಿದವರು, ತಿಳಿದಿಲ್ಲ…”

“ತಿಳಿದಿದೆ. ನಾನೇ. ಬರ್ಕೊಳ್ಳಿ” ಎಂದ ಗುಂಡಣ್ಣ.

ಪೆನ್ನು ನಿಂತಿತು. ತಾನು ‘ಪುಣ್ಯಾತ್ಮ’ ಎಂದದ್ದು ನೆನಪಾಗಿರಬೇಕು, ಮೇಡಂ ಕನ್ನಡಕ ತೆಗೆದು ಒರೆಸಿದರು. “ನೋಡಿ, ಕೆಳಗೆ ‘ಸರಿಪಡಿಸಿದವರು’ ಅಂತ ಇನ್ನೊಂದು ಕಾಲಂ ಇದೆ. ಎರಡರಲ್ಲೂ ಒಂದೇ ಹೆಸರು ಬಂದ್ರೆ ಆಫೀಸಲ್ಲಿ ಬರೆಯೋವಾಗ ತಪ್ಪಾಗಿದೆ ಅಂದ್ಕೋತಾರೆ.”

“ಹಾಗಾದ್ರೆ ಕೆಳಗಡೆ, ಸುಣ್ಣ ಅವನ ಅಣ್ಣಂದು ಅಂತ ಬರೀರಿ.”

ಮೇಡಂ ಬರೆದುಕೊಂಡರು. ಗೋಡೆಯ ಮೇಲೆ ಮೂವತ್ತೈದು ವರ್ಷ ಬಿಸಿಲು ಮಳೆ ಉಂಡವನು ಹಾಗೆ ಕಡತದೊಳಗೆ ಹೋಗಿ ಬೆಚ್ಚಗೆ ಮಲಗಿದ. ಹೋಗುವಾಗ ಅವರು, “ಐದು ವರ್ಷಕ್ಕೊಮ್ಮೆ ಮೇಲೊಂದು ಪದರ ಕೊಡ್ಬೇಕು. ಆವಾಗ ಸುಣ್ಣಕ್ಕೆ ಏನ್ಮಾಡೋದು ಯೋಚ್ನೆ ಮಾಡಿ” ಎಂದರು. ಐದು ವರ್ಷಕ್ಕೆ ಎಷ್ಟಾಗುತ್ತದೆ ತನಗೆ ಎಂದು ಗುಂಡಣ್ಣ ಯೋಚಿಸಿ, ಆ ಯೋಚನೆಯನ್ನು ಅಲ್ಲಿಗೇ ಬಿಟ್ಟ.

ಬಕೆಟ್ ವಾಪಸ್ ಕೊಡಲು ಹೋದ ದಿನ ಅತ್ತಿಗೆಯ ಪೆಟ್ಟಿಗೆಗಳು ಬಾಯಿ ಮುಚ್ಚಿಕೊಂಡು ಬಾಗಿಲಲ್ಲಿ ಕೂತಿದ್ದವು. ಮಗಳ ಊರಿಗೆ ಹೊರಟಿದ್ದಳು. ಬಾಡಿಗೆಗೆ ಕೊಡಲು ಮನಸ್ಸಿಲ್ಲ, ಬೀಗ ಹಾಕಿ ಹೋಗುತ್ತೇನೆ ಎಂದಳು. ಬೀಗದ ಕೈಯನ್ನು ಚೀಲಕ್ಕೆ ಹಾಕಲು ಹೋಗಿ, ತಡೆದು, ಅವನ ಕಡೆ ಚಾಚಿದಳು.

“ನೀರು ಹಾಕ್ತೀಯಾ?”

ಮೂವತ್ತೈದು ವರ್ಷದ ನಂತರ ಬಂದ ಏಕವಚನ. ಗುಂಡಣ್ಣ ಬೀಗದ ಕೈ ತೆಗೆದುಕೊಂಡು ಜೇಬಿನಲ್ಲಿ ತೂಗುಗುಂಡಿನ ಪಕ್ಕಕ್ಕೆ ಹಾಕಿದ. ಪೆಟ್ಟಿಗೆಗಳನ್ನು ಎತ್ತಿ ಬಂಡಿಗಿಟ್ಟ. ಬಂಡಿ ಬೀದಿಯ ತಿರುವಿನಲ್ಲಿ ಮರೆಯಾಯಿತು.

ಅವನು ಸುಣ್ಣದ ಕಲ್ಲು ತರಿಸಿದ. ತಳದಲ್ಲಷ್ಟೇ ಸುಣ್ಣ ಉಳಿದಿದ್ದ ಗುಂಡಿಗೆ ಹಾಕಿ ನೀರು ಹೊಯ್ದ. ಕಲ್ಲು ಸಿಡಿದು, ಕುದಿದು, ಬುಸುಗುಟ್ಟಿ, ಹಿತ್ತಲ ತುಂಬ ಹಬೆಯೆಬ್ಬಿಸಿ, ಮೂರನೆಯ ದಿನಕ್ಕೆ ಸಿಟ್ಟಿಳಿದು ಬೆಳ್ಳಗೆ ಮಲಗಿತು. ನೆನೆಯಲಿ. ಬೇಕಾದ ದಿನ ಬೇಕಾದವರು ಬರುತ್ತಾರೆ.

ಮರುದಿನ ಬೆಳಿಗ್ಗೆ ತನ್ನ ಒಲೆಯ ಮೇಲೆ ಚಹಾ ಇಟ್ಟು, ಕೊಡ ಹಿಡಿದು ಹೊರಟ. ಹದಿನೆಂಟು ಹೆಜ್ಜೆ. ಅಣ್ಣನ ಬಾಗಿಲಿನ ಬೀಗ ತೆಗೆದು, ಬರಿಯ ಕೋಣೆಗಳನ್ನು ದಾಟಿ, ಹಿತ್ತಲಿಗೆ ಹೋದ. ತಾವಿಬ್ಬರೂ ಕಟ್ಟಿದ ಗೋಡೆಯನ್ನು ಮೊದಲ ಸಲ ಆ ಕಡೆಯಿಂದ ಸಾವಧಾನವಾಗಿ ನೋಡಿದ. ಜೇಬಿನಿಂದ ತೂಗುಗುಂಡು ತೆಗೆದು ಇಳಿಬಿಟ್ಟ. ಒಂದು ಕೂದಲಿನಷ್ಟೂ ವಾಲಿರಲಿಲ್ಲ. ಹಲಗೆ ಸರಿಸಿ ನೀರು ಹೊಯ್ದ. ಅದೇ ಸದ್ದು, ‘ದೊಳ್.’ ಅದು ಗೋಡೆ ಹಾಯ್ದು ಆ ಕಡೆ ಹೋಯಿತು.

ಹಲಗೆ ಮುಚ್ಚಿ, ಕಲ್ಲು ಇಟ್ಟು, ಬೀಗ ಹಾಕಿ, ಮತ್ತೆ ಹದಿನೆಂಟು ಹೆಜ್ಜೆ ನಡೆದು ತನ್ನ ಮನೆಗೆ ಬಂದ. ಚಹಾ ಉಕ್ಕಿ ಹರಿದು ಒಲೆಯೇ ಆರಿಹೋಗಿತ್ತು. ಇಳಿಸುವ ಹೊತ್ತಾಯಿತೆಂದು ಆ ಮನೆಯಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.